ಅಪ್‌ಡೇಟ್ ಅರ್ಧಕ್ಕೆ ನಿಂತ ಮನೆಗಳು

ಅಪ್‌ಡೇಟ್ ಅರ್ಧಕ್ಕೆ ನಿಂತ ಕಂಪ್ಯೂಟರ್ ನೋಡಲು ಯಾವ ಮನೆಗೆ ಹೋದರೂ ಬಾಗಿಲಲ್ಲೇ ಒಂದು ಮಾತು ಎದುರಾಗುತ್ತಿತ್ತು: "ನಾವೇನೂ ಮುಟ್ಟಿಲ್ಲ ಕಣ್ರೀ." ಎರಡು ಸಾವಿರದ ಇಸವಿ ಕಳೆದ ಮೇಲೆ ಏಳೆಂಟು ವರ್ಷ ನಾನು ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಒಂದು ಸ್ಕ್ರೂಡ್ರೈವರ್, ಧೂಳು ಕೊಡವಲು ಒಂದು ಪೇಂಟ್ ಬ್ರಷ್, ಸಿಡಿಗಳ ಚೀಲ ಇಷ್ಟನ್ನು ಸ್ಕೂಟರಿಗೆ ಹಾಕಿಕೊಂಡು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲಿಗೆ ಕರೆದರೂ ಹೊರಡುತ್ತಿದ್ದೆ. ಫೋನ್ ಲೈನಿನಲ್ಲಿ ತೆವಳುತ್ತ ಬರುವ ಇಂಟರ್ನೆಟ್ಟು, ಹೇಳದೆ ಕೇಳದೆ ಹೋಗುವ ಕರೆಂಟು, ಇವೆರಡರ ನಡುವೆ ಒಂದು ಅಪ್‌ಡೇಟ್ ಪೂರ್ತಿಯಾಗುವುದೇ ಅಪರೂಪ. ಹಾಗಾಗಿ ನನಗೆ ಕೆಲಸಕ್ಕೆ ಕೊರತೆ ಇರಲಿಲ್ಲ.

ಹಾಜರಿ

ಹಾಲ್ಕುರಿಕೆ ಕಡೆ ಒಬ್ಬರು ನಿವೃತ್ತ ಹೆಡ್‌ಮಾಸ್ಟರ್ ಇದ್ದರು. ಅವರ ಕಂಪ್ಯೂಟರ್ ಅಪ್‌ಡೇಟ್ ಶುರು ಮಾಡಿ ಶೇಕಡ ಮೂವತ್ತಮೂರಕ್ಕೆ ನಿಂತಿತ್ತು. ಕೆಳಗೆ 'ಕಂಪ್ಯೂಟರ್ ಆಫ್ ಮಾಡಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಲಿಖಿತ ಸೂಚನೆಯನ್ನು ಮೀರುವ ಪೈಕಿ ಅಲ್ಲ ಅವರು. ನಾನು ಹೋಗುವ ಹೊತ್ತಿಗೆ ಮೂರು ದಿನ ಕಳೆದಿತ್ತು. ಇನ್ವರ್ಟರ್ ಇದ್ದ ಮನೆ, ಯಂತ್ರ ಒಂದೇ ಸಮ ಓಡುತ್ತಿತ್ತು. ನೆಂಟರ ಮನೆಯ ನಾಮಕರಣಕ್ಕೂ ಗಂಡ ಹೆಂಡತಿ ಒಟ್ಟಿಗೆ ಹೋಗಿರಲಿಲ್ಲ. ಒಬ್ಬರು ಯಂತ್ರ ಕಾಯುವುದು, ಇನ್ನೊಬ್ಬರು ಹೋಗಿ ಬರುವುದು.

ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹೊಡೆದು ದಿನಾಂಕ, ಸಮಯ, ಶೇಕಡ, ಷರಾ ಎಂದು ನಾಲ್ಕು ಕಲಂ ಮಾಡಿದ್ದರು. ಗಂಟೆಗೊಂದು ನಮೂದು. ಎಲ್ಲವೂ ಮೂವತ್ತಮೂರು. ಷರಾದಲ್ಲಿ 'ಪ್ರಗತಿ ಇಲ್ಲ'.

ಇನ್ನು ಆಫ್ ಮಾಡುವುದು ಬಿಟ್ಟರೆ ದಾರಿ ಇಲ್ಲ ಸಾರ್ ಅಂದೆ. ಮಾಡಬೇಡಿ ಅಂತ ಬರೆದಿದೆಯಲ್ಲ ಅಂದರು. ಬರೆದವರು ನಿಮ್ಮಷ್ಟು ತಾಳ್ಮೆ ಇರೋರನ್ನ ಕಂಡಿರಲಿಕ್ಕಿಲ್ಲ ಅಂದೆ. ಅವರು ಗೋಡೆ ಕಡೆ ಮುಖ ಮಾಡಿ ನಿಂತರು. ನಾನು ಬಟನ್ ಒತ್ತಿ ಹಿಡಿದೆ. ಮತ್ತೆ ಆನ್ ಮಾಡಿದಾಗ ಯಂತ್ರ ತಾನೇ ಹಳೆಯ ಸ್ಥಿತಿಗೆ ಹೋಗಿ ಹತ್ತು ನಿಮಿಷದಲ್ಲಿ ಸರಿಯಾಯಿತು.

ಹೆಡ್‌ಮಾಸ್ಟರು ನೋಟ್‌ಬುಕ್ ತೆಗೆದು ಕೊನೆಯ ಸಾಲಿನಲ್ಲಿ 'ಆಫ್ ಮಾಡಿದವರು' ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು. ಪಕ್ಕದಲ್ಲಿ ಅವರ ಹೆಂಡತಿ ಸಾಕ್ಷಿ ಸಹಿ ಹಾಕಿದರು.

ನಾರು

ತಿಪಟೂರಿನ ಹೊರಗೆ ಒಬ್ಬ ತೋಟದ ಯಜಮಾನರು. ಮನೆಯ ಅಟ್ಟದ ತುಂಬ ಕೊಬ್ಬರಿಗೆ ಒಣಗಲು ಬಿಟ್ಟ ಕಾಯಿ, ಪಡಸಾಲೆಯ ಒಂದು ತುದಿಯಲ್ಲಿ ಕಾಯಿ ಸುಲಿಯುವ ಆಳುಗಳು, ಇನ್ನೊಂದು ತುದಿಯಲ್ಲಿ ಕಂಪ್ಯೂಟರ್. ಅಪ್‌ಡೇಟ್ ಅರ್ಧಕ್ಕೆ ಬಂದ ಕೂಡಲೇ ಯಂತ್ರ ತಾನೇ ಆಫಾಗುತ್ತಿತ್ತು. ಹಾಕಿದರೆ ಮತ್ತೆ ಮೊದಲಿಂದ. ಯಜಮಾನರು ಅಷ್ಟರಲ್ಲೇ ವೈರ್ ಬದಲಾಯಿಸಿ, ಮೇಜನ್ನು ಪೂರ್ವಕ್ಕೆ ತಿರುಗಿಸಿ, ಮಾನಿಟರಿಗೆ ನಿಂಬೆಹಣ್ಣು ಕಟ್ಟಿ ನೋಡಿದ್ದರು.

ಡಬ್ಬಿ ಬಿಚ್ಚಿದೆ. ಒಳಗೆ ಫ್ಯಾನ್ ಕಾಣಲಿಲ್ಲ. ಫ್ಯಾನ್ ಇರಬೇಕಾದ ಕಡೆ ತೆಂಗಿನ ನಾರು ಹಕ್ಕಿಗೂಡಿನ ಹಾಗೆ ಮೆತ್ತಿತ್ತು. ಅಪ್‌ಡೇಟ್ ಆಗುವಾಗ ಕೆಲಸ ಜಾಸ್ತಿ, ಬಿಸಿ ಜಾಸ್ತಿ, ಫ್ಯಾನ್ ತಿರುಗದಿದ್ದರೆ ಯಂತ್ರ ತನ್ನ ಪ್ರಾಣ ಉಳಿಸಿಕೊಳ್ಳಲು ಆಫಾಗುತ್ತದೆ ಎಂದು ವಿವರಿಸಿದೆ. ಬ್ರಷ್ಷಿಗೆ ಬಗ್ಗಲಿಲ್ಲ, ಕೈ ಹಾಕಿ ಒಂದು ಹಿಡಿ ಕಿತ್ತೆ. ಆಚೆ ಎಸೆಯಲು ಹೊರಟಾಗ ಯಜಮಾನರ ಹೆಂಡತಿ ಅಡುಗೆಮನೆಯಿಂದ ಬಂದು ಕೈ ಚಾಚಿದರು.

"ಎಸೀಬ್ಯಾಡಿ, ಇತ್ಲಾಗ್ ಕೊಡಿ. ಒಳ್ಳೆ ಮೆತ್ತಗೈತೆ, ಸ್ಟೀಲ್ ಪಾತ್ರೆಗಾಯ್ತದೆ."

ಅವತ್ತು ಅಪ್‌ಡೇಟ್ ಸಲೀಸಾಗಿ ಮುಗಿಯಿತು. ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಆಯಮ್ಮನೇ ಫೋನ್ ಮಾಡುತ್ತಿದ್ದರು. ಕಂಪ್ಯೂಟರ್ ಚೆನ್ನಾಗೇ ಇದೆಯಂತೆ, ಡಬ್ಬಿ ಮಾತ್ರ ಮತ್ತೆ ತುಂಬಿರಬೇಕಂತೆ.

ಕೆಂಪು ದಾರ

ತುರುವೇಕೆರೆಯಲ್ಲಿ ಒಬ್ಬರು ಟೈಲರ್ ಸಾಹೇಬರು. ಮಗಳ ಓದಿಗೆಂದು ಕೊಂಡ ಕಂಪ್ಯೂಟರಿನಲ್ಲಿ ಎಂಬ್ರಾಯ್ಡರಿ ಡಿಸೈನ್ ನೋಡಲು ಅವರೇ ಹೆಚ್ಚು ಕೂರುತ್ತಿದ್ದರು. ಅಪ್‌ಡೇಟ್ ಕೈಕೊಟ್ಟು ಪರದೆಯ ಮೇಲೆ ಎರರ್ ನಂಬರ್ ಬಂತು. ಅದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಫೋನಿನಲ್ಲಿ ಓದಿ ಅಂದೆ. ಲೈನಿನ ಗೊರಗೊರದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಬರೆದುಕೊಂಡು ಬಸ್ಸಿಗೆ ಬಂದುಬಿಡಿ, ಅದಕ್ಕೆ ತಕ್ಕ ಸಿಡಿ ಕೊಡುತ್ತೇನೆ ಅಂದೆ.

ಬಂದರು. ಕೈಗೆ ಕಾಗದ ಸಿಗದೆ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಒಂದು ತುಂಡು ಲೈನಿಂಗ್ ಬಟ್ಟೆಯ ಮೇಲೆ ಬರೆದು ಮಡಚಿ ತಂದಿದ್ದರು. ಬಸ್ಸಿನ ನೂಕುನುಗ್ಗಲಲ್ಲಿ ಮುಕ್ಕಾಲು ಪಾಲು ಉಜ್ಜಿಹೋಗಿತ್ತು. ಮೊದಲಿನ ಸೊನ್ನೆ, ಎಕ್ಸು, ಎಂಟು ಮಾತ್ರ ಉಳಿದಿದ್ದವು.

"ಸಾಹೇಬ್ರೆ, ಈ ಮೂರು ಬಹಳಷ್ಟು ಎರರ್ ನಂಬರಲ್ಲೂ ಇರುತ್ತೆ" ಅಂದೆ. ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ತಪ್ಪು ನಮ್ಮದೇ ಎಂದು ಒಪ್ಪಿಕೊಂಡು ಮುಂದಿನ ಬಸ್ಸಿಗೆ ವಾಪಸು ಹೋದರು.

ಮಾರನೆಯ ದಿನ ಮತ್ತೆ ಬಂದರು. ಈ ಸಲ ಕಾಗದವನ್ನೂ ನಂಬಿರಲಿಲ್ಲ, ಚಾಕ್‌ಪೀಸನ್ನೂ ನಂಬಿರಲಿಲ್ಲ. ಎರರ್ ನಂಬರನ್ನು ಮೆಷಿನ್ನಿನಲ್ಲಿ ಕೆಂಪು ದಾರದಿಂದ ಹೊಲಿದು ತಂದಿದ್ದರು. ಒಂದು ಅಂಕಿಯೂ ತಪ್ಪಿರಲಿಲ್ಲ. ಸುತ್ತ ಸಣ್ಣ ಬಳ್ಳಿ ಇತ್ತು.

ಉತ್ತರ ದಿಕ್ಕು

ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆ ಹೋಗುವಾಗ ಒಂದು ಹಳ್ಳಿಯಲ್ಲಿ ಒಬ್ಬರು ಜೋಯಿಸರು. ಆ ಸೀಮೆಗೆಲ್ಲ ಕಂಪ್ಯೂಟರ್ ಜಾತಕ ತಂದ ಮೊದಲಿಗರು. ಪಂಚಾಂಗ ತೆಗೆದು ಲೆಕ್ಕ ಹಾಕುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಯಾರಾದರೂ ಪ್ರಶ್ನೆ ಕೇಳಲು ಬಂದರೆ ಬಟನ್ ಒತ್ತುವುದು, ಆ ಹೊತ್ತಿನ ಗ್ರಹಸ್ಥಿತಿ ಪರದೆಯ ಮೇಲೆ ಬರುವುದು, ನೋಡಿ ಹೇಳುವುದು.

ಎರಡು ತಿಂಗಳಿಂದ ಅಪ್‌ಡೇಟ್ ಒಂದೂ ಆಗುತ್ತಿಲ್ಲ ಎಂದು ಕರೆಸಿದ್ದರು. ಪರದೆಯ ಮೂಲೆಯಲ್ಲಿ ತಾರೀಖು ನೋಡಿದೆ. ನಾಲ್ಕು ವರ್ಷ ಹಿಂದಿನ ಜನವರಿ ಒಂದು. ಒಳಗಿನ ಬಿಲ್ಲೆಯಂಥ ಸೆಲ್ಲು ಸತ್ತಿತ್ತು. ತಾರೀಖು ನೆನಪಿಡುವುದೇ ಅದರ ಕೆಲಸ. ಸಿಡಿಲಿನ ಭಯಕ್ಕೆ ಜೋಯಿಸರು ದಿನಾ ಸಂಜೆ ಪ್ಲಗ್ ಕಿತ್ತಿಡುತ್ತಿದ್ದರು. ಬೆಳಿಗ್ಗೆ ಚುಚ್ಚಿದರೆ ಯಂತ್ರಕ್ಕೆ ಮತ್ತೆ ಅದೇ ಜನವರಿ ಒಂದು. ಅಷ್ಟು ಹಳೆಯ ತಾರೀಖು ತೋರಿಸಿದರೆ ಅಪ್‌ಡೇಟ್ ಒಪ್ಪುವುದಿಲ್ಲ. ಹೊಸ ಸೆಲ್ಲು ಹಾಕಿ, ತಾರೀಖು ಸರಿಮಾಡಿ, ಇದೇ ಕಾರಣ ಎಂದು ಹೇಳಿದೆ.

ಜೋಯಿಸರು ಮೊದಲು ತಲೆಯಾಡಿಸಿದರು. ಆಮೇಲೆ ತಲೆಯಾಡಿಸುವುದು ನಿಂತಿತು.

"ಅಂದ್ರೆ ಎರಡು ತಿಂಗಳಿಂದ ಬಂದೋರಿಗೆಲ್ಲ ನಾನು ನೋಡಿ ಹೇಳಿದ್ದು..."

"ಅದೇ ಜನವರಿ ಒಂದರ ಗ್ರಹಗಳು."

ಅವರು ಮಣೆಯ ಮೇಲೆ ಕೂತರು. ಪ್ರಾಮಾಣಿಕ ಮನುಷ್ಯ, ಮುಖ ನಿಜವಾಗಿಯೂ ಸಣ್ಣದಾಯಿತು. ಒಂದು ಮದುವೆ ಮುಂದಕ್ಕೆ ಹಾಕಿಸಿದ್ದರಂತೆ, ಒಬ್ಬರಿಗೆ ಬೋರ್‌ವೆಲ್ ಜಾಗ ತೋರಿಸಿದ್ದರಂತೆ. ಕಳೆದುಹೋದದ್ದನ್ನು ಕೇಳಲು ಬಂದವರಿಗೆಲ್ಲ ಉತ್ತರ ದಿಕ್ಕು ಎಂದೇ ಹೇಳಿದ್ದರಂತೆ. ಎಲ್ಲರ ಪದಾರ್ಥವೂ ಉತ್ತರಕ್ಕೇ ಹೋಗುತ್ತಿದೆಯಲ್ಲ ಎಂದು ಅವರಿಗೂ ಒಮ್ಮೆ ಅನ್ನಿಸಿತ್ತಂತೆ. ಎಲ್ಲರನ್ನೂ ವಾಪಸು ಕರೆಸಿ ತಪ್ಪಾಯಿತು ಅನ್ನಬೇಕು ಎಂದು ಕಾಗದ ತೆಗೆದು ಹೆಸರು ಬರೆಯತೊಡಗಿದರು.

ಅಷ್ಟರಲ್ಲಿ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಬಾಗಿಲಿಗೆ ಬಂದ. ಹೋದ ತಿಂಗಳು ಹದಿನಾಲ್ಕು ಕುರಿ ಕಾಣೆಯಾಗಿವೆ ಎಂದು ಕೇಳಲು ಬಂದಿದ್ದವನು. ಅವನ ಹೆಸರು ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಜೋಯಿಸರು ಪೆನ್ ಕೆಳಗಿಟ್ಟು ಎದ್ದು ನಿಂತರು.

ಅವನು ಬಗ್ಗಿ ಅವರ ಕಾಲು ಮುಟ್ಟಿದ. "ನೀವ್ ಹೇಳಿದ್ ದಿಕ್ಕಲ್ಲೇ ಸಿಕ್ಕುದ್ವು ಬುದ್ಧಿ. ಬೋರನಕಣಿವೆ ಹಿಂದಲ ಗುಡ್ಡದಾಗೆ ಅಷ್ಟೂ ಮೇಯ್ತಾ ಇದ್ವು. ಒಂದೂ ಕಮ್ಮಿ ಇಲ್ಲ."

ಅವನ ಹಿಂದೆ ಇನ್ನೂ ಐದು ಜನ ಇದ್ದರು. ಈ ಸುದ್ದಿ ಕೇಳಿ, ತಮ್ಮದೂ ಒಂದೊಂದು ಪ್ರಶ್ನೆ ಇದೆ ಎಂದು ಅವನ ಜೊತೆ ಬಂದವರು.

ಜೋಯಿಸರು ಅವರನ್ನೆಲ್ಲ ಜಗಲಿಯಲ್ಲಿ ಕೂರಿಸಿದರು. ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಹೊಸ ತಾರೀಖಿನಲ್ಲಿ ಅಪ್‌ಡೇಟ್ ಚೆನ್ನಾಗಿ ಓಡುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ಆ ಹಳೇ ಸೆಲ್ಲು ಎಲ್ಲಿಟ್ರಿ?"