ನೀರುಗಂಟಿಗೆ ಹಾರ ಹಾಕಿದ ಶುಕ್ರವಾರ

ಕೂತಲ್ಲಿ ಕೂರುವ ಗುಣ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಬೀಗಿತ್ತಿಯವರು ಬೆಳಗ್ಗೆ ಸೋಫಾದ ಎಡಮೂಲೆ ಹಿಡಿದರೆ, ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಅವರು ಯಾವುದು, ಕುಶನ್ ಯಾವುದು ಅಂತ ಗೊತ್ತಾಗುವುದಿಲ್ಲ. ನನಗೆ ಆ ಭಾಗ್ಯವಿಲ್ಲ. ಎಪ್ಪತ್ತೆರಡು ತುಂಬಿದರೂ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಎರಡು ಸಲ ಎದ್ದು ಗೇಟಿನ ತನಕ ಹೋಗಿ ಬರುತ್ತೇನೆ. ಗೇಟಿನಾಚೆ ಏನೂ ಆಗುತ್ತಿರುವುದಿಲ್ಲ. ಅದು ಖಚಿತವಾಯಿತಲ್ಲ ಅಂತ ವಾಪಸು ಬಂದು ಕೂರುತ್ತೇನೆ. ಈಗೇನಾದರೂ ಆಗಿರಬಹುದು ಅಂತ ಮತ್ತೆ ಏಳುತ್ತೇನೆ. ಡಾಕ್ಟರು ಇದಕ್ಕೆ ‘ರೆಸ್ಟ್‌ಲೆಸ್‌ನೆಸ್’ ಅಂದರು. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ಕಾಯಿಲೆಗೆ ಇಷ್ಟು ಚೆಂದದ ಹೆಸರಿದೆಯೆಂದು ತಿಳಿದು ಸ್ವಲ್ಪ ಹೆಮ್ಮೆಯೇ ಆಯಿತು. ಸೊಸೆ ಲತಾ ಮಾತ್ರ, "ಅತ್ತೆ, ನಿಮ್ಮ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ, ಬ್ರೇಕ್ ಹಾಕೋದು ಮರ್ತಿದ್ದಾರೆ" ಅನ್ನುತ್ತಾಳೆ.

ಈ ಚಕ್ರಕ್ಕೆ ವಾರದಲ್ಲಿ ಮೂರು ದಿನ ಒಂದು ಗೊತ್ತಾದ ಕೆಲಸವಿತ್ತು. ಅರಿಶಿನಕುಂಟೆಯಿಂದ ಒಂದಿಷ್ಟು ಒಳಕ್ಕಿರುವ ನಮ್ಮ ಬಡಾವಣೆಗೆ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಹತ್ತಕ್ಕೆ ನೀರು. ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವವನು ಪಂಚಾಯ್ತಿಯ ನೀರುಗಂಟಿ ಮುನಿಯಪ್ಪ. ಹತ್ತಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ನಾನು ಗೇಟಿಗೆ ಒರಗಿ ಅವನಿಗೆ ಫೋನ್ ಮಾಡುತ್ತೇನೆ.

"ಏನಪ್ಪಾ ಮುನಿಯಪ್ಪ, ಇವತ್ತು ನೀರು ಬಿಡೋ ಯೋಚನೆ ಇದೆಯೋ, ಇಲ್ಲಾ ಸ್ನಾನಕ್ಕೆ ನಾವೆಲ್ಲಾ ಕಾಶಿಗೇ ಹೋಗ್ಬೇಕೋ?"

"ಬಿಡ್ತಾ ಇವ್ನಿ ಕಣಮ್ಮಾ, ಕೈ ವಾಲ್ವ್ ಮೇಲೇ ಐತೆ."

ಕೈ ವಾಲ್ವ್ ಮೇಲಿರುವುದಿಲ್ಲ, ಟೀ ಲೋಟದ ಮೇಲಿರುತ್ತದೆ. ಪಕ್ಕದ ಬಾಣಲೆಯಲ್ಲಿ ಬೋಂಡಾ ಚುಂಯ್ ಅನ್ನುವುದು ಫೋನಿನಲ್ಲೇ ಕೇಳಿಸುತ್ತದೆ. ಆ ಬೋಂಡಾ, ಅವನ ಸೋಮಾರಿತನ, ಪಂಚಾಯ್ತಿಯ ಆಡಳಿತ ಎಲ್ಲವನ್ನೂ ಸೇರಿಸಿ ಎರಡು ನಿಮಿಷ ಬೈದು ಫೋನ್ ಇಡುತ್ತೇನೆ. ಒಂಬತ್ತು ವರ್ಷದಿಂದ ಇದು ನಡೆದುಬಂದಿದೆ. "ನೀವು ಬೈದ್ರೂ ಬೈಯದಿದ್ರೂ ಹತ್ತಕ್ಕೆ ನೀರು ಬಂದೇ ಬರುತ್ತೆ ಅತ್ತೆ. ಆ ಮನುಷ್ಯನ್ನ ಯಾಕೆ ಗೋಳು ಹುಯ್ಕೋತೀರಿ?" ಅನ್ನುತ್ತಾಳೆ ಲತಾ. ಅವಳು ಹೇಳುವುದು ನಿಜವೇ ಇರಬೇಕು ಅಂತ ನನಗೂ ಒಳಗೊಳಗೇ ಅನ್ನಿಸುತ್ತಿತ್ತು. ನಾನಿಲ್ಲದೆ ನೀರು ಬರುತ್ತದೆ, ಹಾಲು ಬರುತ್ತದೆ, ಪೇಪರ್ ಬರುತ್ತದೆ. ನಾನು ಗೇಟಿನ ಹತ್ತಿರ ನಿಂತಿರುವುದು ಗೇಟಿಗೂ ಬೇಕಾಗಿಲ್ಲ. ಈ ಯೋಚನೆ ಬಂದ ದಿನ ಒಂದು ಲೋಟ ಕಾಫಿಗೆ ಮೂರು ಸಲ ಏಳುತ್ತಿದ್ದೆ.

ಅಂಥ ಒಂದು ದಿನವೇ ನಮ್ಮೂರ ಸರ್ಕಾರಿ ಶಾಲೆಯ ಮೂರನೇ ಕ್ಲಾಸಿನ ಟೀಚರ್ ಹೆರಿಗೆ ರಜೆಯ ಮೇಲೆ ಹೋಗಿದ್ದಾರೆಂಬ ಸುದ್ದಿ ಕಿವಿಗೆ ಬಿತ್ತು. ಸೀದಾ ಹೋಗಿ ಹೆಡ್ ಮೇಡಂ ಮುಂದೆ ಕೂತೆ. "ಐ ಆಮ್ ಫ್ರೀ," ಅಂದೆ. ಅವರು ನನ್ನ ಬಿಳಿ ಕೂದಲು, ಕೈಯಲ್ಲಿದ್ದ ಕೊಡೆ ಎರಡನ್ನೂ ನೋಡಿ, "ಪರಿಸರ ಅಧ್ಯಯನ ತಗೊಳ್ಳಿ ಮೇಡಂ. ನಮಗೆ ನೆರವಾಗುವವರು ಅಂತ ಪಾಠ ಇದೆ. ಸೋಮವಾರದಿಂದ ಒಂದು ವಾರ ನೋಡೋಣ. ಶುಕ್ರವಾರ ನಾನೇ ಬಂದು ಹಿಂದಿನ ಬೆಂಚಲ್ಲಿ ಕೂರ್ತೀನಿ. ಸರಿಹೋದ್ರೆ ಆ ಟೀಚರ್ ಬರೋ ತನಕ ಕ್ಲಾಸು ನಿಮ್ದೇ. ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರ್ದು" ಅಂದರು. ಬೇಜಾರೇ! ಆ ಕ್ಲಾಸು ಸಿಗದಿದ್ದರೆ ಬೀಗಿತ್ತಿಯ ಪಕ್ಕದ ಕುಶನ್ನೇ ನನಗೆ ಗತಿ ಅಂತ ಅವರಿಗೇನು ಗೊತ್ತು.

ಈ ಪಾಠ ನನಗೆ ಹೊಸದಲ್ಲ. ನಮ್ಮ ಕಾನ್ವೆಂಟಿನಲ್ಲಿ ಮದರ್ ಒಬ್ಬರು ‘ಅವರ್ ಹೆಲ್ಪರ್ಸ್’ ಅಂತ ಮಾಡುತ್ತಿದ್ದರು. ದಪ್ಪ ಕಾಗದದ ಚಿತ್ರಗಳು: ಬೇಕರ್, ಚಿಮಣಿ ಗುಡಿಸುವವನು, ಲೈಟ್‌ಹೌಸ್ ಕೀಪರ್. ನಮ್ಮ ಮನೆಯಲ್ಲಿ ಚಿಮಣಿ ಅಂದರೆ ಬಚ್ಚಲೊಲೆಯ ಹೊಗೆ ಹೋಗುವ ಕಿಂಡಿ. ಅದನ್ನು ವರ್ಷಕ್ಕೊಮ್ಮೆ ಅಜ್ಜಿ ಪೊರಕೆ ಕಟ್ಟಿಕೊಂಡು ಗುಡಿಸುತ್ತಿದ್ದರು. ಆದರೂ ನಾನು ಲೈಟ್‌ಹೌಸ್ ಕೀಪರ್ ಬಗ್ಗೆ ಒಂದು ಪುಟ ಬರೆದೆ, ಆತ ರಾತ್ರಿಯೆಲ್ಲ ಎಚ್ಚರವಿದ್ದು ನಮ್ಮನ್ನು ಕಾಪಾಡುತ್ತಾನೆ ಅಂತ. ಸಮುದ್ರ ನೋಡಿದ್ದು ಮದುವೆಯಾದ ಮೇಲೆ. ಮದರ್ ಹತ್ತಕ್ಕೆ ಹತ್ತು ಕೊಟ್ಟರು. ದಿನಾ ಬೆಳಗ್ಗೆ ನಮ್ಮ ಜಗಲಿಗೆ ಹಾಲು ತಂದು ಅಳೆದು ಕೊಡುತ್ತಿದ್ದ ಹೆಂಗಸಿನ ಹೆಸರು ಮಾತ್ರ ನನಗೆ ಗೊತ್ತಿರಲಿಲ್ಲ. ‘ಹಾಲಿನವಳು’ ಅಷ್ಟೇ. ಈಗ ಕೇಳೋಣವೆಂದರೆ ಗೊತ್ತಿದ್ದವರು ಯಾರೂ ಉಳಿದಿಲ್ಲ. ಈ ವಯಸ್ಸಿನಲ್ಲಿ ಇಂಥ ಸಣ್ಣ ವಿಷಯಗಳೇ ಬಂದು ಚುಚ್ಚುತ್ತವೆ.

ಅದಕ್ಕೇ ನಾನು ಚಿತ್ರಗಳ ತಂಟೆಗೆ ಹೋಗಲಿಲ್ಲ. ಸೋಮವಾರ ನೀರಿನ ಫೋನ್ ಮುಗಿಸಿಕೊಂಡೇ ಶಾಲೆಗೆ ಹೋಗಿ, ಕರಿಹಲಗೆಯ ಮುಂದೆ ನಿಂತು, "ಮಕ್ಕಳೇ, ನಮ್ಮೂರಿಗೆ ಯಾರು ಇಲ್ಲದಿದ್ರೆ ಆಗೋದೇ ಇಲ್ಲ?" ಅಂತ ಕೇಳಿದೆ. ಕೈಗಳು ಎದ್ದವು. ನೀರುಗಂಟಿ ಮುನಿಯಪ್ಪ. ಬಿಸಿಯೂಟ ಮಾಡುವ ಜಯಮ್ಮ. ಕಸದ ಆಟೋ ಓಡಿಸುವ ಸುಜಾತಕ್ಕ. ಮುಂದಿನ ಬೆಂಚಿನ ಭೂಮಿಕಾ ಎನ್ನುವ ಎರಡು ಜಡೆಯ ಹುಡುಗಿ ಎದ್ದು ನಿಂತು, "ಮಿಸ್, ನೀವು ಏನ್ ಕೆಲ್ಸ ಮಾಡ್ತೀರಾ?" ಅಂದಳು. ನಾನು ಗಂಟಲು ಸರಿಮಾಡಿಕೊಂಡು, "ಐ ಆಮ್ ರಿಟೈರ್ಡ್," ಅಂದೆ. "ಹಂಗಂದ್ರೆ ಏನ್ಮಾಡ್ತಾರೆ ಮಿಸ್?" ಅಂದಳು. ಬೆಲ್ ಹೊಡೆದದ್ದು ನನ್ನ ಪುಣ್ಯ.

ಆಗ ಹೊಳೆದದ್ದೇ ಆ ಬ್ರಿಲಿಯಂಟ್ ಐಡಿಯಾ. ಪಾಠದಲ್ಲಿರುವವರನ್ನೇ ಕ್ಲಾಸಿಗೆ ಕರೆದು, ಹಾರ ಹಾಕಿ, ಮಕ್ಕಳ ಕೈಯಲ್ಲಿ ‘ಥ್ಯಾಂಕ್ ಯೂ’ ಹೇಳಿಸುವುದು. ಶುಕ್ರವಾರ, ಬೆಳಗ್ಗೆ ಹತ್ತು ಗಂಟೆಗೆ. ನಾನೇ ಮನೆಮನೆಗೆ ಹೋಗಿ ಕರೆದೆ. ಮೂವರಿಗೂ ನಾಚಿಕೆಯೋ ನಾಚಿಕೆ. ಮುನಿಯಪ್ಪ ತಲೆ ಕೆರೆದುಕೊಂಡು, "ನಂಗೆ ಹಾರವಾ? ನೀವೇ ಹಾಕ್ತೀರಾ ಅಮ್ಮಾ?" ಅಂತ ಎರಡು ಸಲ ಕೇಳಿದ. ಒಂಬತ್ತು ವರ್ಷದಲ್ಲಿ ನಾನು ಅವನೊಂದಿಗೆ ಬೈಗುಳವಿಲ್ಲದೆ ಮಾತಾಡಿದ್ದು ಅದೇ ಮೊದಲು.

ಇಲ್ಲಿ ಓದುಗರು ನನಗಿಂತ ಬುದ್ಧಿವಂತರಿದ್ದರೆ ಆಗಲೇ ಹಣೆ ಚಚ್ಚಿಕೊಂಡಿರುತ್ತಾರೆ. ನನಗೆ ಹೊಳೆಯಲಿಲ್ಲ. ನಾನು ಸೇವಂತಿಗೆ ಹಾರದ ಗಡಿಬಿಡಿಯಲ್ಲಿದ್ದೆ.

ಶುಕ್ರವಾರ ಹತ್ತಕ್ಕೆ ಸಭೆ ಕಳೆಗಟ್ಟಿತು. ಮುನಿಯಪ್ಪ ಬಿಳಿ ಪಂಚೆ ಉಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಮದುವೆಗಂಡಿನ ಹಾಗೆ ನೆಲ ನೋಡುತ್ತ ಕೂತಿದ್ದ. ಜಯಮ್ಮ ರೇಷ್ಮೆ ಸೀರೆಯಲ್ಲಿ ಬಂದಿದ್ದಳು. ಸುಜಾತಾ ಆಟೋ ಸಮೇತ ಬಂದು ಅದನ್ನು ಧ್ವಜಕಂಬದ ಹತ್ತಿರ ನಿಲ್ಲಿಸಿದ್ದಳು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂಬ ಅದರ ಹಾಡು ಬಂದ್ ಆಗಿರಲಿಲ್ಲ. ನನ್ನ ಸ್ವಾಗತ ಭಾಷಣಕ್ಕೆ ಅದೇ ಹಿನ್ನೆಲೆ ಸಂಗೀತ. ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಏನೋ ಬರೆದುಕೊಳ್ಳುತ್ತಿದ್ದರು. "ಊರು ಅಂದ್ರೆ ಏನು? ಒಬ್ಬರಿಗೆ ಒಬ್ಬರು ಬೇಕಾಗೋದು. ಇವರು ಒಂದು ದಿನ ಕೆಲಸಕ್ಕೆ ಬರದೇ ಇದ್ರೆ ಏನಾಗತ್ತೆ, ಥಿಂಕ್, ಮಕ್ಕಳೇ, ಥಿಂಕ್!" ಅಂತ ನಾನು ಕೈಯೆತ್ತಿ ಕೇಳಿದೆ. ಮಕ್ಕಳು ಥಿಂಕ್ ಮಾಡುತ್ತಿರುವಾಗಲೇ ಉತ್ತರ ಒಂದೊಂದಾಗಿ ಬರತೊಡಗಿತು.

ಮೊದಲು ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ಖಾಲಿ ಲೋಟ ಹಿಡಿದು ಬಾಗಿಲಿಗೆ ಬಂದಳು. "ಮಿಸ್, ನಲ್ಲೀಲಿ ನೀರಿಲ್ಲ." ಆಮೇಲೆ ಹೆಡ್ ಮೇಡಂ ತಲೆಯೆತ್ತಿ, "ಜಯಮ್ಮ, ಒಲೆ ಮೇಲೆ ಏನಿಟ್ಟು ಬಂದೆ?" ಅಂದರು. "ಏನೂ ಇಟ್ಟಿಲ್ಲ ಮೇಡಂ, ಅಕ್ಕಿ ತೊಳೆಯೋಕೆ ತೊಟ್ಟೀಲಿ ನೀರಿರ್ಲಿಲ್ಲ, ನೀರು ಬಂದ್ಮೇಲೆ ಇಡಾನ ಅಂತ ಬಂದೆ" ಅಂದಳು ಜಯಮ್ಮ. ಎಲ್ಲರೂ ಮುನಿಯಪ್ಪನ ಕಡೆ ತಿರುಗಿದೆವು. ಅವನು ಹಾರದೊಳಗಿಂದ ಮುಖ ಎತ್ತಿ ನನ್ನನ್ನು ನೋಡಿದ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಎಲ್ಲಿ ಒತ್ತಿದನೋ, ಇಡೀ ಕ್ಲಾಸಿಗೆ ನನ್ನ ಸೊಸೆಯ ದನಿ ಕೇಳಿಸಿತು: "ಮುನಿಯಪ್ಪಾ, ಹನ್ನೊಂದಾಯ್ತು! ನೀರೆಲ್ಲಿ? ನಮ್ಮತ್ತೆ ಮನೇಲಿಲ್ಲ ಅಂತ ಗೊತ್ತಾಗ್ಬಿಡ್ತಾ ನಿಂಗೆ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಟೀಚರ್ ಅಲ್ಲವೇ, ದರ್ಪದಿಂದಲೇ ಕೇಳಿದೆ: "ಅಲ್ಲಪ್ಪಾ, ಇವತ್ತು ಶುಕ್ರವಾರ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಅಮ್ಮಾ, ವಾರ ಯಾರು ನೋಡ್ತಾರೆ! ನಿಮ್ ಫೋನ್ ಬಂದ್ರೆ ನೀರಿನ್ ದಿನ. ನೀವು ಬೈದು ಮುಗಿಸೋದ್ರೊಳಗೆ ಟೀ ಮುಗೀತದೆ, ಎದ್ದು ಹೋಗಿ ವಾಲ್ವ್ ತಿರುಗಿಸ್ತೀನಿ. ಇವತ್ತು ಫೋನೇ ಬರ್ಲಿಲ್ವಲ್ಲ," ಅಂದ ಮುನಿಯಪ್ಪ. ಮಾತಿನಲ್ಲಿ ಹಾಸ್ಯವಿರಲಿಲ್ಲ. ಸ್ವಲ್ಪ ಆಕ್ಷೇಪಣೆಯೇ ಇತ್ತು.

ಮುಂದೆ ನಡೆದದ್ದಕ್ಕೆ ನಾನು ಲೆಸನ್ ಪ್ಲ್ಯಾನ್ ಬರೆದಿರಲಿಲ್ಲ. ಮುನಿಯಪ್ಪ ಎದ್ದು ಓಡಿದ; ಅವನ ಹಿಂದೆ ಮೂರನೇ ಕ್ಲಾಸು ಪೂರ್ತಿ ಓಡಿತು; ಮಕ್ಕಳ ಹಿಂದೆ ಕೊಡೆ ಹಿಡಿದು ನಾನು, ನನ್ನ ಹಿಂದೆ ಹೆಡ್ ಮೇಡಂ. ಬೇವಿನ ಮರದ ಕೆಳಗಿನ ಗುಂಡಿಗೆ ಅವನು ಹಾರದ ಸಮೇತ ಬಗ್ಗಿ, ಕಬ್ಬಿಣದ ರಾಡು ಸಿಕ್ಕಿಸಿ ತಿರುಗಿಸಿದ. ನೆಲದೊಳಗೆ ಗುಳುಗುಳು ಅಂದಿತು. ಮಕ್ಕಳು ಅದಕ್ಕೆ ಹೊಡೆದ ಚಪ್ಪಾಳೆಯ ಕಾಲುಭಾಗವೂ ನನ್ನ ಭಾಷಣಕ್ಕೆ ಬಿದ್ದಿರಲಿಲ್ಲ. ಭೂಮಿಕಾ ಗುಂಡಿಯ ಅಂಚಿನಲ್ಲಿ ಕೂತು, "ಇನ್ನೊಂದ್ ಸುತ್ತು ಮುನಿಯಪ್ಪಣ್ಣಾ, ನಮ್ ಬೀದಿಗೆ ಸಣ್ಣಗ್ ಬರ್ತದೆ" ಅಂತ ಅರ್ಜಿ ಹಾಕಿದಳು. ಜಯಮ್ಮ ರೇಷ್ಮೆ ಸೀರೆ ಎತ್ತಿಕಟ್ಟಿ ಅಕ್ಕಿ ತೊಳೆದಳು. ಊಟಕ್ಕೆ ಎರಡೂವರೆಯಾಯಿತು. ಸುಜಾತಾಳ ಆಟೋ ನಮ್ಮ ಬೀದಿಗೆ ಬರುವ ಹೊತ್ತಿಗೆ ಮೂರು ಮನೆಯ ಕಸವನ್ನು ನಾಯಿಗಳು ಯಾವುದು ಹಸಿ, ಯಾವುದು ಒಣ ಅಂತ ರಸ್ತೆಯ ತುಂಬ ಬೇರೆ ಮಾಡಿ ಇಟ್ಟಿದ್ದವು.

ಮಕ್ಕಳೆಲ್ಲ ಉಂಡಾದ ಮೇಲೆ ಹೆಡ್ ಮೇಡಂ ನನ್ನನ್ನು ಕರೆದರು. ಕುಶನ್ ಕಣ್ಣ ಮುಂದೆ ಬಂತು. "ಬೇಜಾರು ಮಾಡ್ಕೊಳ್ಳಲ್ಲ ಮೇಡಂ" ಅಂತ ನಾನೇ ಮೊದಲು ಹೇಳಿದೆ. ಅವರು ಪುಸ್ತಕ ಮುಚ್ಚಿ, "ನಾನು ಇಪ್ಪತ್ತು ವರ್ಷದಿಂದ ಈ ಪಾಠ ಮಾಡ್ತಾ ಇದ್ದೀನಿ. ಮಕ್ಕಳಿಗೆ ಹೊಟ್ಟೆ ಹಸಿದು ಅರ್ಥ ಆಗಿದ್ದು ಇವತ್ತೇ. ಕ್ಲಾಸು ನಿಮ್ದೇ ಇರ್ಲಿ. ಆದ್ರೆ ನೀರಿನ ದಿನ ಹನ್ನೊಂದಕ್ಕೆ ಬನ್ನಿ. ಮೊದಲು ಅಲ್ಲಿ ಫೋನ್ ಮಾಡಿ ಮುಗಿಸಿ, ಆಮೇಲೆ ಇಲ್ಲಿ ಪಾಠ" ಅಂದರು.

ಈ ವಾರ ಮಕ್ಕಳು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ದಾರೆ. ಭೂಮಿಕಾಳ ಚಾರ್ಟಿನಲ್ಲಿ ಹಾರ ಹಾಕಿಕೊಂಡ ಮುನಿಯಪ್ಪ, ಸೌಟು ಹಿಡಿದ ಜಯಮ್ಮ, ಹಸಿರು ಆಟೋ ಎಲ್ಲ ಇವೆ. ಮೂಲೆಯಲ್ಲೊಂದು ಗೇಟು, ಗೇಟಿನಾಚೆ ಬಿಳಿ ಕೂದಲಿನ ಒಂದು ಆಕೃತಿ, ಬಾಯಿ ಇಷ್ಟಗಲ ತೆರೆದು ಫೋನಿನಲ್ಲಿ ಮಾತಾಡುತ್ತಿದೆ. ಬಾಯಲ್ಲಿ ನನಗಿಲ್ಲದಷ್ಟು ಹಲ್ಲು ಬರೆದಿದ್ದಾಳೆ. ಕೆಳಗೆ ಗುಂಡಗಿನ ಅಕ್ಷರದಲ್ಲಿ, ‘ಇವರು ಬೈದರೆ ನೀರು ಬರುತ್ತದೆ’. ಮದರ್ ಇದ್ದಿದ್ದರೆ ಮಾರ್ಕ್ಸ್ ಕಳೆಯುತ್ತಿದ್ದರೇನೋ. ನಾನು ಹತ್ತಕ್ಕೆ ಹತ್ತು ಕೊಟ್ಟೆ. ಮನೆಗೆ ಬಂದು ಲತಾಳಿಗೆ ಆ ಚಾರ್ಟಿನ ಫೋಟೋ ಎರಡು ಸಲ ತೋರಿಸಿದೆ.

ಇನ್ನೂ ಬರೆಯುವುದಿತ್ತು. ಆದರೆ ಇವತ್ತು ಬುಧವಾರ, ಹತ್ತಕ್ಕೆ ಹತ್ತು ನಿಮಿಷವಿದೆ. ಬೋಂಡಾ ಬಾಣಲೆಗೆ ಬಿದ್ದಿರುತ್ತದೆ, ನಾನು ಗೇಟಿಗೆ ಹೋಗಬೇಕು.