ಇಂಗು ತಿಂದ ಹನುಮಂತು

ಎಲ್ಲ ಅನಾಹುತಕ್ಕೂ ಮೂಲ, ಅಕ್ಕನ ಮಗಳು ಶ್ರಾವಣಿ ಹೇಳಿಕೊಟ್ಟ ಇಂಗು.

ರಾಯದುರ್ಗದ ಜೀನ್ಸ್ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಮಾಸ್ತರನಾಗಿದ್ದ ಹನುಮಂತು, ಆ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಮನೆಯಲ್ಲೇ ಕೂತಿದ್ದ. ಕೂತು ಕೂತು ಅವನ ಮುಖ ಮಳೆಗೆ ನೆನೆದ ಸಗಣಿ ಕುಳ್ಳಿನ ಹಾಗೆ ಕಳೆಗೆಟ್ಟಿತ್ತು. ಹೆಂಡತಿ ನಾಗವೇಣಿ ಇನ್ನೊಂದು ಕಾರ್ಖಾನೆಗೆ ಗುಂಡಿ ಹಚ್ಚಲು ಹೋಗುತ್ತಿದ್ದಳು. ಬೆಳಿಗ್ಗೆ ಅವನ ಪಾಲಿನ ರೊಟ್ಟಿಯನ್ನು ತಟ್ಟೆಯಲ್ಲಿ ಮುಚ್ಚಿಟ್ಟು, ಒಂದು ಮಾತೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದಳು. ಅವಳು ಬಾಯಿ ತುಂಬ ಬೈದಿದ್ದರೆ ಹನುಮಂತುವಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಕಂಪನಿಗಳಿಗೆ ಆಳು ಒದಗಿಸುವ ಜಗದೀಶ್ ಒಂದು ಕೆಲಸದ ಸುದ್ದಿ ತಂದ. ಡಿ. ಹಿರೇಹಾಳ್ ಕಡೆಯ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಿದ ಕಂಪನಿಗೆ ಒಬ್ಬ ಕಾವಲುಗಾರ ಬೇಕಾಗಿದ್ದ. ಕೈಯಲ್ಲಿ ವೈರ್‌ಲೆಸ್ ಹಿಡಿದು ಕಣ್ಣಿಗೆ ಕಂಡದ್ದನ್ನು ಹೇಳುತ್ತಾ ಇರುವುದಷ್ಟೇ ಕೆಲಸ. ಫ್ಯಾನು ತಿರುಗುತ್ತಿದೆ, ಲಾರಿ ಬರುತ್ತಿದೆ, ಕುರಿ ಒಳಗೆ ನುಗ್ಗುತ್ತಿವೆ, ಇಷ್ಟೇ. ಆದರೆ ಕೇಳಿಸಿಕೊಳ್ಳುವ ಸಾಹೇಬರು ಕೂತಿರುವುದು ಚೆನ್ನೈನಲ್ಲಿ. ಅವರಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಬೇಕು. ಜಗದೀಶ್ ಸಾಹೇಬರಿಗೆ ನಾಲ್ಕಾರು ಜನರ ಫೋನ್ ನಂಬರುಗಳನ್ನಷ್ಟೇ ಕಳಿಸಿದ್ದ. ಗುರುವಾರ ಅವರೇ ಫೋನ್ ಮಾಡಿ ಮಾತಾಡಿಸುತ್ತಾರೆ, ಮಾತು ಹಿಡಿಸಿದವನ ಹೆಸರು ಕೇಳಿ ಬರೆದುಕೊಳ್ಳುತ್ತಾರೆ ಎಂದ.

ಬಿ.ಇಡಿ. ಓದುತ್ತಿದ್ದ ಶ್ರಾವಣಿ ಮಾವನಿಗೆ ಪಾಠಕ್ಕೆ ಕೂತಳು.

"ನೋಡು ಮಾವ, ನಮ್ಮ ಮಾತಿನ್ಯಾಗ ಎಲ್ಲೆಲ್ಲಿ ‘ಆಕತ್ತೀನಿ’ ಅಂತ ಬರ್ತತೋ, ಇಂಗ್ಲಿಷಿನ್ಯಾಗ ಅಲ್ಲೆಲ್ಲ ‘ಇಂಗ್’ ಹಾಕು. ಉಣ್ಣಾಕತ್ತೀನಿ, ಐ ಆಮ್ ಈಟಿಂಗ್. ನಡ್ಯಾಕತ್ತೀನಿ, ಐ ಆಮ್ ವಾಕಿಂಗ್. ಒಗ್ಗರಣಿಗೆ ಇಂಗು ಹಾಕ್ದಂಗ ಹಾಕ್ತಾ ಹೋಗು, ಅಷ್ಟ."

"ನಿನ್ನೆ ಮಾಡಿದ್ದು, ಮೊನ್ನೆ ಮಾಡಿದ್ದು?" ಎಂದು ಹನುಮಂತು ಕೇಳಿದ.

"ಅದೆಲ್ಲ ನಿನಗ್ಯಾಕ? ಕಾವಲುಗಾರಗ ಈಗ ಆಗೋದು ಗೊತ್ತಿದ್ರ ಸಾಕು."

ಬುಧವಾರ ಸಂಜೆ ಅವಳು ಪರೀಕ್ಷೆಗೆಂದು ಬಳ್ಳಾರಿಗೆ ಹೊರಟಳು. ಹೊರಡುವ ಮುಂಚೆ, ಗುರುವಾರ ಫೋನ್ ಬರುವ ತನಕ ಕನ್ನಡ ತೆಲುಗು ಎರಡೂ ಬಂದ್, ಮಾಡುವ ಕೆಲಸವನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಬೇಕು, ಆಗಲೇ ನಾಲಿಗೆ ಹೊರಳುವುದು ಎಂದು ಮುರಡಿ ಆಂಜನೇಯನ ಪಟದ ಮುಂದೆ ಮಾವನಿಂದ ಆಣೆ ಮಾಡಿಸಿದಳು. ವಿಷಯ ಗೊತ್ತಿದ್ದದ್ದು ಅವಳಿಗೆ ಮತ್ತು ನಾಗವೇಣಿಗೆ ಮಾತ್ರ. ತಲೆ ನರೆತ ಮೇಲೆ ಇಂಗ್ಲಿಷ್ ಕಲಿಯುತ್ತಿದ್ದಾನೆಂದು ಓಣಿಯ ತುದಿಯ ಚಹದಂಗಡಿ ಜುಂಜಣ್ಣನಿಗೆ ತಿಳಿದರೆ, ಸಂಜೆಯೊಳಗೆ ಊರೇ ನಗುತ್ತಿತ್ತು.

ಗುರುವಾರ ಹನುಮಂತು ಎದ್ದದ್ದೇ ನೆಗಡಿಯೊಂದಿಗೆ. ಗಂಟಲು ಕಟ್ಟಿ ದನಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಆದರೂ ಬಿಡದೆ "ಐ ಆಮ್ ಬ್ರಶಿಂಗ್", "ಐ ಆಮ್ ಬಾಥಿಂಗ್" ಎಂದು ಎಲ್ಲವನ್ನೂ ಹೇಳಿ ಮುಗಿಸಿದ. ನಾಗವೇಣಿ ಕೆಲಸಕ್ಕೆ ಹೋದಳು. ಮನೆಯಲ್ಲಿ ಮಾಡಲು ಮತ್ತೇನೂ ಉಳಿಯದಾಗ ಬಿಳಿ ಪಂಚೆ ಉಟ್ಟು, "ಐ ಆಮ್ ವಾಕಿಂಗ್" ಎನ್ನುತ್ತಾ ಓಣಿಗೆ ಇಳಿದ.

ನಾಲ್ಕು ಮನೆ ದಾಟಿದರೆ ದೊಡ್ಡತಿಮ್ಮಪ್ಪನ ಮನೆ. ಗುಂತಕಲ್ಲಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತನಾದ ಮುದುಕ. ಬಿಳಿ ಪಂಚೆ ಉಟ್ಟು ಕಟ್ಟೆಯ ಮೇಲೆ ಕೂತು, ಹೋಗಿ ಬರುವವರಿಗೆಲ್ಲ ಕಟ್ಟಿದ ದನಿಯಿಂದ ಇಂಗ್ಲಿಷಿನಲ್ಲಿ ಗದರುವುದೇ ಅವನ ಕೆಲಸ. ಓಣಿಯಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವನು ಅವನೊಬ್ಬನೇ. ಅಂದು ಕಟ್ಟೆ ಖಾಲಿ ಇತ್ತು. ಹನುಮಂತು ಹೋಗಿ ಅಲ್ಲಿ ಕೂತ.

"ಐ ಆಮ್ ಸಿಟಿಂಗ್," ಎಂದ ಗೊಗ್ಗರು ದನಿಯಲ್ಲಿ. "ಐ ಆಮ್ ಲುಕಿಂಗ್."

ಒಳಗಿನಿಂದ ಚಹದ ಕೆಟಲು ಹಿಡಿದು ಹೊರಬಂದ ಜುಂಜಣ್ಣ ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ ಹಿಂದೆ ಬಂದವರೂ ನಿಂತರು. ಹನುಮಂತು ಅವರ ಮುಖ ನೋಡಿ ಏನೋ ಆಗಿದೆ ಅಂದುಕೊಂಡು ಒಳಗೆ ಬಗ್ಗಿ ನೋಡಿದ. ನಡುಮನೆಯಲ್ಲಿ ದೊಡ್ಡತಿಮ್ಮಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ನಸುಕಿನಲ್ಲಿ ನಿದ್ದೆಯಲ್ಲೇ ಜೀವ ಹೋಗಿತ್ತು. ಹೆಂಡತಿ ಬೊಮ್ಮಕ್ಕ ಅತ್ತಿರಲಿಲ್ಲ, ಕೂಗಿರಲಿಲ್ಲ. ಗೋಡೆಗೆ ಒರಗಿ, ಎಣ್ಣೆ ತೀರಿದ ಬತ್ತಿಯ ಹಾಗೆ ಕೂತಿದ್ದಳು.

ಹನುಮಂತು ಕೈಮುಗಿದ. ಯಾವಾಗ ಹೋದರು ಎಂದು ಕೇಳಬೇಕು. ಆದರೆ ಆಂಜನೇಯನ ಆಣೆ. ಗೊತ್ತಿದ್ದ ಇಂಗ್ಲಿಷಿನಲ್ಲೇ ತಡಕಾಡಿದ.

"ಹೀ ಈಸ್ ಸ್ಲೀಪಿಂಗ್?"

ಬೊಮ್ಮಕ್ಕ ತಲೆ ಎತ್ತಿದಳು. ಅದೇ ಬಿಳಿ ಪಂಚೆ, ಅದೇ ಕಟ್ಟಿದ ದನಿ, ಅದೇ ಭಾಷೆ. ಏಳನೇ ಕ್ಲಾಸಿಗೆ ಇಂಗ್ಲಿಷಿನಲ್ಲಿ ಫೇಲಾಗಿ ಶಾಲೆ ಬಿಟ್ಟ ಹನುಮಂತುವಿಗೆ ಈ ಭಾಷೆ ಬಾರದೆಂದು ಓಣಿಗೆಲ್ಲ ಗೊತ್ತಿತ್ತು. ಮುದುಕ ಬೇರೆಲ್ಲೂ ಹೋಗಿಲ್ಲ, ಕಟ್ಟೆ ಬಿಟ್ಟು ಹೋಗಲು ಮನಸ್ಸಿಲ್ಲದೆ ಇವನ ಮೈಸೇರಿದ್ದಾನೆ ಎಂದು ಜುಂಜಣ್ಣ ಪಿಸುಗುಟ್ಟಿದ. ಆ ಮಾತು ಒಣಗಿದ ಹುಲ್ಲಿಗೆ ಕಿಡಿ ಬಿದ್ದಂತೆ ಓಣಿಯ ಆ ತುದಿ ಮುಟ್ಟಿತು.

ಓಡಿಹೋಗೋಣವೆಂದು ಹನುಮಂತು ಎದ್ದ. ಅಷ್ಟರಲ್ಲಿ ಬೊಮ್ಮಕ್ಕ ಬಂದು ಅವನ ಎದುರಿಗೆ ಕೂತಳು.

"ಹೇಳ್ದ ಕೇಳ್ದ ಹೋಗಿಬಿಟ್ರಲ್ರಿ," ಎಂದಳು ಮೆಲ್ಲಗೆ. "ಹೋಗ್ಲಿ ಬಿಡ್ರಿ. ಈಗ ಅಲ್ಲಿ ಏನ್ ಮಾಡಾಕತ್ತೀರಿ?"

ಹನುಮಂತು ಅವಳ ಕಣ್ಣು ನೋಡಿದ. ಇದೆಲ್ಲ ಸುಳ್ಳು ಬೊಮ್ಮಕ್ಕ, ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ ಎಂದು ಆ ಕಣ್ಣಿಗೆ ಹೇಳುವ ಧೈರ್ಯ ಆಣೆ ಇಲ್ಲದಿದ್ದರೂ ಅವನಿಗೆ ಬರುತ್ತಿರಲಿಲ್ಲ. ಜುಂಜಣ್ಣ ಹೆದರುತ್ತಾ ಮುಂದಿಟ್ಟ ಚಹವನ್ನು ಎತ್ತಿಕೊಂಡ.

"ಐ ಆಮ್ ಡ್ರಿಂಕಿಂಗ್ ಟೀ."

ಯಾರೋ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರು. ಚಹ ಸಿಗುತ್ತದಂತೆ ಅಲ್ಲಿ ಎಂದು ಬೊಮ್ಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಆಗ ಮೊದಲ ಸಲ ಅತ್ತಳು. ಅತ್ತು ಹಗುರಾಗಿ, ಕಾಲು ನೋವು ಹೇಗಿದೆ ಎಂದು ಕೇಳಿದಳು. "ಐ ಆಮ್ ವಾಕಿಂಗ್" ಎಂದ. ಮಂಡಿ ಹಿಡಿದು ಎರಡು ವರ್ಷ ಕಟ್ಟೆಯಿಂದಾಚೆ ಕಾಲಿಡದ ಮನುಷ್ಯ ಅಲ್ಲಿ ನಡೆಯುತ್ತಿದ್ದಾನೆಂದು ಕೇಳಿ ಅವಳ ಮುಖ ಅರಳಿತು. ಹನುಮಂತುವಿನ ಮುಖ ಮಾತ್ರ ಇನ್ನಷ್ಟು ಬಾಡಿತು.

ಮಧ್ಯಾಹ್ನದ ಹೊತ್ತಿಗೆ ಅವನ ಸುತ್ತ ಸಂತೆಯಷ್ಟು ಜನ. ಒಬ್ಬ ತನ್ನ ಕಳೆದುಹೋದ ಎಮ್ಮೆ ಎಲ್ಲಿದೆ ಎಂದು ಕೇಳಿದ. "ಇಟ್ ಈಸ್ ಈಟಿಂಗ್" ಎಂದ ಹನುಮಂತು. ಎಲ್ಲಿದ್ದರೂ ಎಮ್ಮೆ ಮಾಡುವುದು ಅದನ್ನೇ ತಾನೆ. ಇನ್ನೊಬ್ಬಳು ಮಗನ ಮದುವೆ ಯಾವಾಗ ಎಂದಳು. ಅವನು "ಕಮಿಂಗ್, ಕಮಿಂಗ್" ಎಂದ. ಸಾಹೇಬರ ಫೋನ್ ಮಾತ್ರ ಬಂದಿರಲಿಲ್ಲ. ಕಿಸೆಯ ಫೋನು ಕೈಗೆ ತೆಗೆದುಕೊಳ್ಳಲು ಹೋದಾಗಲೆಲ್ಲ, ಸತ್ತವರಿಗೆ ಫೋನ್ ಯಾತಕ್ಕೆ ಎನ್ನುವಂತೆ ಜನ ನೋಡುತ್ತಿದ್ದರು.

ಮಡಕಶಿರಾದ ಆಚೆ ಅಗಳಿಯಿಂದ ಬೊಮ್ಮಕ್ಕನ ತಮ್ಮ ಪೆದ್ದಣ್ಣ ಬಂದದ್ದು ಬಿಸಿಲು ಇಳಿಯುವಾಗ. ಜೊತೆಯಲ್ಲಿ, ಅಗಳಿಯಲ್ಲೇ ಬೆಳೆದ ಬೊಮ್ಮಕ್ಕನ ಮೊಮ್ಮಗ ಪುಟ್ಟ, ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಓಡಾಡುತ್ತಿದ್ದ ಯುವಕ. ಪೆದ್ದಣ್ಣನಿಗೆ ಗಾಳಿ ಬಿಡಿಸುವ ವಿದ್ಯೆ ಸ್ವಲ್ಪ ಗೊತ್ತಿತ್ತು. ಅವನು ಹನುಮಂತುವಿನ ಸುತ್ತ ಒಂದು ಸುತ್ತು ಹಾಕಿದ.

"ಅಕ್ಕಾ, ಭಾವ ಇಲ್ಲೇ ಕುಂತ್ರೆ ಅಲ್ಲಿ ಮಣ್ಣು ಮಾಡಾದು ಯಾರ್ನ?" ಎಂದ. "ಮೊದ್ಲು ಇವ್ನ ಮೈಯಿಂದ ಇಳಿಸ್ಬೇಕು."

ಹನುಮಂತುವನ್ನು ಬೇವಿನ ಮರದ ಕೆಳಗೆ ಕೂರಿಸಿದರು. ಪೆದ್ದಣ್ಣ ಬೇವಿನ ಸೊಪ್ಪಿನ ಕಟ್ಟು ಹಿಡಿದು ಬೆನ್ನಿಗೆ ಬಾರಿಸತೊಡಗಿದ. ನಾಲ್ಕು ಏಟು ಬಿದ್ದ ಮೇಲೆ ಹನುಮಂತು ಆಂಜನೇಯನಲ್ಲಿ ಮನಸ್ಸಿನಲ್ಲೇ ತಪ್ಪು ಒಪ್ಪಿಕೊಂಡು ಆಣೆ ಮುರಿದ.

"ಬಿಡ್ರಪ್ಪಾ, ನಾ ಹನುಮಂತು ಅದೀನಿ. ಕೆಲಸಕ್ಕಂತ ಇಂಗ್ಲಿಷ್ ಕಲ್ಯಾಕತ್ತೀನಿ."

ಪೆದ್ದಣ್ಣ ಜನರ ಕಡೆ ತಿರುಗಿ ತಲೆದೂಗಿದ. "ನೋಡಿದ್ರಾ. ಏಟು ತಡೀಲಾರ್ದೆ ಕನ್ನಡ ಮಾತಾಡಿ ಯಾಮಾರಿಸ್ತಾ ಅವ್ರೆ ಭಾವ," ಎಂದು ಇನ್ನೂ ದಪ್ಪದ ಕಟ್ಟು ತರಿಸಿದ.

ಆ ಹೊತ್ತಿಗೆ ಫೋನು ಹೊಡೆದುಕೊಂಡಿತು. ಹನುಮಂತುವಿನ ಎರಡೂ ಕೈಗಳನ್ನು ಇಬ್ಬರು ಹಿಡಿದಿದ್ದರು. ಜುಂಜಣ್ಣ ಅವನ ಕಿಸೆಯಿಂದ ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಹಿಡಿದ.

"ಹಲೋ, ಚೆನ್ನೈ ಕಂಟ್ರೋಲ್ ರೂಮ್. ವಾಟ್ ಆರ್ ಯು ಡೂಯಿಂಗ್ ನೌ?"

ಬೆಳಿಗ್ಗೆಯಿಂದ ಕಾದ ಪ್ರಶ್ನೆ. ಹನುಮಂತು ಬೆನ್ನು ನೆಟ್ಟಗೆ ಮಾಡಿದ.

"ಐ ಆಮ್ ಸಿಟಿಂಗ್ ಅಂಡರ್ ಟ್ರೀ, ಸರ್. ಒನ್ ಮ್ಯಾನ್ ಈಸ್ ಕಟಿಂಗ್ ಲೆಮನ್. ನೌ ಹೀ ಈಸ್ ಬೀಟಿಂಗ್. ಆಲ್ ಪೀಪಲ್ ಆರ್ ಲುಕಿಂಗ್. ಒನ್ ಡಾಗ್ ಈಸ್ ಕಮಿಂಗ್. ಡಾಗ್ ಈಸ್ ಗೋಯಿಂಗ್."

ಅಲ್ಲಿಯವರೆಗೆ ಫೋನ್ ಎತ್ತಿದವರೆಲ್ಲ "ಐ ಆಮ್ ಫೈನ್" ಎಂದಷ್ಟೇ ಹೇಳಿ ಇಟ್ಟಿದ್ದರೋ ಏನೋ, ಸಾಹೇಬರ ದನಿಯಲ್ಲಿ ಹಿಗ್ಗು ಉಕ್ಕಿತು. "ಎಕ್ಸಲೆಂಟ್," ಎಂದರು. "ಯುವರ್ ನೇಮ್?"

ಹನುಮಂತು ಬಾಯಿ ತೆರೆದ. ತೆರೆದ ಬಾಯಿಗೆ ಪೆದ್ದಣ್ಣ ಅರ್ಧ ನಿಂಬೆಹಣ್ಣು ತುರುಕಿದ. ನೇಮ್ ಎಂಬ ಮಾತಿನ ಅರ್ಥ ಗೊತ್ತಿದ್ದ ಜುಂಜಣ್ಣ, ಹನುಮಂತುವಿನ ಮೈಯಲ್ಲಿ ಕೂತ ಹಿರಿಯರ ಹೆಸರು ತಪ್ಪು ಹೇಳಿ ಅವರ ಸಿಟ್ಟಿಗೆ ಯಾಕೆ ಗುರಿಯಾಗಬೇಕೆಂದು, ಭಕ್ತಿಯಿಂದ ತಲೆ ಬಾಗಿಸಿ ಹೇಳಿದ.

"ದೊಡ್ಡತಿಮ್ಮಪ್ಪ, ಸರ್."

ಸಾಹೇಬರು ಅದನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡರು. ದೊಡ್ಡತಿಮ್ಮಪ್ಪ ಸೆಲೆಕ್ಟೆಡ್, ನಾಳೆ ಬೆಳಿಗ್ಗೆ ಆಧಾರ್ ಕಾರ್ಡ್ ತೆಗೆದುಕೊಂಡು ಗುಡ್ಡದ ಆಫೀಸಿಗೆ ಬರಲಿ ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನ್ ಇಟ್ಟರು.

ನಿಂಬೆಯ ಹುಳಿಗೋ ಮತ್ಯಾವುದಕ್ಕೋ ಹನುಮಂತುವಿನ ಕಣ್ಣಲ್ಲಿ ನೀರು ಧಾರೆ ಇಳಿಯಿತು. ಅದನ್ನು ಕಂಡು, ಭಾವ ಇಳಿದರು ಎಂದು ಪೆದ್ದಣ್ಣ ಸಾರಿದ. ಹೆಣ ಎತ್ತಿದರು. ಹನುಮಂತುವೂ ಹೆಗಲು ಕೊಟ್ಟ.

ಗುಂಡಿಗೆ ಮಣ್ಣು ಬೀಳುತ್ತಿರುವಾಗ ಅವನು ಒಂದು ಬದಿಗೆ ಹೋಗಿ ಸಾಹೇಬರಿಗೆ ತಾನೇ ಫೋನ್ ಮಾಡಿದ. ತನ್ನ ಹೆಸರು ಹನುಮಂತು ಎಂದ. ಸಾಹೇಬರು ಕೆಲಸ ದೊಡ್ಡತಿಮ್ಮಪ್ಪನಿಗೆ ಆಗಿಹೋಯಿತು ಎಂದರು. ಆ ಮನುಷ್ಯ ಸತ್ತುಹೋದ ಎಂದು ಹೇಳಬೇಕು. ಆದರೆ ಆಗಿಹೋದದ್ದಕ್ಕೆ ಶ್ರಾವಣಿ ಏನನ್ನೂ ಹೇಳಿಕೊಟ್ಟಿರಲಿಲ್ಲ.

"ದೊಡ್ಡತಿಮ್ಮಪ್ಪ ಈಸ್ ಡೈಯಿಂಗ್, ಸರ್."

ಸಾಹೇಬರು ಗಾಬರಿಯಾಗಿ, ಹಾಗಾದರೆ ಬೇಗ ಆಸ್ಪತ್ರೆಗೆ ಸೇರಿಸಿ ಎಂದರು.

"ನೋ ಹಾಸ್ಪಿಟಲ್, ಸರ್. ವೀ ಆರ್ ಪುಟಿಂಗ್ ಮಡ್."

ಕೆಲಸ ಸಿಗಲಿಲ್ಲವೆಂದು ಹೊಟ್ಟೆಕಿಚ್ಚಿಗೆ ಹೀಗೆಲ್ಲ ಮಾತಾಡಬಾರದು ಎಂದು ಸಾಹೇಬರು ಕಟ್ ಮಾಡಿದರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಹನುಮಂತು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಬೊಮ್ಮಕ್ಕನ ಮನೆಗೆ ಹೋದ. ಇರುವುದನ್ನು ಇದ್ದ ಹಾಗೆ ಹೇಳಿ, ನಾಳೆ ಜುಂಜಣ್ಣನನ್ನೇ ಗುಡ್ಡದ ಆಫೀಸಿಗೆ ಕರೆದೊಯ್ದು ಸಾಕ್ಷಿ ಹೇಳಿಸಬೇಕೆಂದಿದ್ದ. ಕಟ್ಟೆಯ ಮೇಲೆ ನೆಂಟರೆಲ್ಲ ಕೂತಿದ್ದರು. ಬೊಮ್ಮಕ್ಕ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡಪ್ಪ ಹನುಮಂತು, ನಿನ್ನ ಮೈಯಾಗ ಬಂದು ಎಂಥ ಉಪಕಾರ ಮಾಡಿ ಹೋದ್ರು," ಎಂದಳು. "ಮೊಮ್ಮಗಗ ನೌಕರಿ ಕೊಡಿಸಿದ್ರು."

ಹನುಮಂತುವಿಗೆ ಅರ್ಥವಾಗಲಿಲ್ಲ. ಪುಟ್ಟ ನಾಚಿಕೊಂಡು ಕಿಸೆಯಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದ. ಅದರಲ್ಲಿ ಇದ್ದ ಹೆಸರು ದೊಡ್ಡತಿಮ್ಮಪ್ಪ.

"ತಾತನ ಹೆಸ್ರೇ ನಂಗೂ ಇಟ್ಟವ್ರೆ ಮಾವ," ಎಂದ. "ಗಂಡನ ಹೆಸ್ರು ಬಾಯಲ್ಲಿ ಹೇಳಾಂಗಿಲ್ಲ ಅಂತ ಅಜ್ಜಿ ಪುಟ್ಟ ಅಂತ ಕರೀತಾಳೆ."

ಜಗದೀಶನಿಗೂ ಫೋನ್ ಮಾಡಿ ಎಲ್ಲ ಗಟ್ಟಿ ಮಾಡಿಕೊಂಡಿದ್ದರು. ಹನುಮಂತು ಹೇಳಬೇಕೆಂದು ಬಂದಿದ್ದ ಮಾತು ಗಂಟಲವರೆಗೆ ಬಂದಿತು. ಬೆಳಿಗ್ಗೆ ಗೋಡೆಗೊರಗಿ ಕೂತಿದ್ದ ಬೊಮ್ಮಕ್ಕ ಈಗ ಮೊಮ್ಮಗನ ತಲೆ ನೇವರಿಸುತ್ತಿದ್ದಳು. ಮಾತನ್ನು ಉಗುಳಿನ ಜೊತೆ ನುಂಗಿದ.

ಪೆದ್ದಣ್ಣ ಗಂಟಲು ಸರಿಮಾಡಿಕೊಂಡ. ಹುಡುಗ ಓದಿದ್ದು ತೆಲುಗು ಮೀಡಿಯಮ್ಮು, ಇಂಗ್ಲಿಷ್ ಒಂದಕ್ಷರ ಬಾರದು, ವೈರ್‌ಲೆಸ್ಸಿನಲ್ಲಿ ಏನು ಮಾತಾಡುತ್ತಾನೆ ಎಂದು ಚಿಂತೆ ತೋಡಿಕೊಂಡ. ಆಮೇಲೆ ಹನುಮಂತುವಿನ ಕಡೆ ಬಾಗಿ, ದಿನಾ ಸಂಜೆ ಒಂದು ಗಳಿಗೆ ಭಾವ ಮೈಮೇಲೆ ಬಂದು ಮೊಮ್ಮಗನಿಗೆ ಪಾಠ ಹೇಳಿದರೆ ತಾನು ಅಡ್ಡ ಬರುವುದಿಲ್ಲ, ಬೇವಿನ ಸೊಪ್ಪು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ.

ಎಲ್ಲರೂ ಹನುಮಂತುವಿನ ಮುಖ ನೋಡುತ್ತಿದ್ದರು. ಪುಟ್ಟ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು, ಕೈಮುಗಿದ.

"ಶುರು ಮಾಡಾನ ತಾತ?"

ಓಣಿಯ ತಿರುವಿನಲ್ಲಿ ನಾಗವೇಣಿ ಬುತ್ತಿ ಚೀಲ ಹಿಡಿದು ಕೆಲಸದಿಂದ ಬರುತ್ತಿದ್ದಳು. ಹನುಮಂತು ಅವಳನ್ನು ನೋಡಿದ, ಆಮೇಲೆ ಪುಟ್ಟನನ್ನು ನೋಡಿದ.

"ಯು ಆರ್ ಗೋಯಿಂಗ್ ಟು ಡ್ಯೂಟಿ," ಎಂದ.