ಛಾವಣಿಯಿಂದ ಟಿವಿಯವರೆಗಿನ ಇಪ್ಪತ್ತು ಮೀಟರ್ ಕೇಬಲ್ಲಿಗೆ

ಮಾನ್ಯರೇ,

ಛಾವಣಿಯ ಡಿಶ್‌ನಿಂದ ಹೊರಟು, ಅಡುಗೆಮನೆಯ ಕಿಟಕಿ ಹಾದು, ನಮ್ಮ ಟಿವಿಯ ಬೆನ್ನಿಗೆ ಬಂದು ಸೇರುವ ಕೋಯಾಕ್ಸಿಯಲ್ ಕೇಬಲ್ ಮಹಾಶಯರಾದ ತಮ್ಮ ಸನ್ನಿಧಿಗೆ, ಅದೇ ಟಿವಿಯ ಮುಂದೆ ಕುಳಿತು ಮಾನ ಕಳೆದುಕೊಂಡವನ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಘನತೆಯನ್ನು ನಾನು ಬಲ್ಲೆ. ನಡುವೆ ತಾಮ್ರದ ತಂತಿ, ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಲೋಹದ ಜಾಲರಿ, ಎಲ್ಲದರ ಮೇಲೆ ಕಪ್ಪು ಹೊದಿಕೆ. ಬಿರುಬೇಸಿಗೆಯಲ್ಲೂ ಇಷ್ಟು ಬಟ್ಟೆ ತೊಡುವ ಮರ್ಯಾದಸ್ಥರು ನಮ್ಮ ವಂಶದಲ್ಲೇ ಇಲ್ಲ. ಉಪಗ್ರಹವು ಮೂವತ್ತಾರು ಸಾವಿರ ಕಿಲೋಮೀಟರ್ ಆಚೆಯಿಂದ ಕೆಯು ಬ್ಯಾಂಡಿನ ಅಲೆಗಳನ್ನು ತಪ್ಪದೆ ಕಳಿಸುತ್ತದೆ, ಡಿಶ್‌ನ ಮುಂದಿರುವ ಪುಟ್ಟ ಡಬ್ಬಿ ಅವುಗಳ ಆವರ್ತನವನ್ನು ತಾವು ಹೊರಬಲ್ಲಷ್ಟಕ್ಕೆ ಇಳಿಸಿಕೊಡುತ್ತದೆ. ಉಳಿದ ಇಪ್ಪತ್ತು ಮೀಟರ್‌ನಲ್ಲಿ ತಾವು ಕೈಯೆತ್ತಿದಿರಿ.

ಅದೂ ನಿನ್ನೆ ನನ್ನ ಅಕ್ಕ ಟಿವಿಯಲ್ಲಿ ಮೊದಲ ಬಾರಿಗೆ ಹವಾಮಾನ ವರದಿ ಓದಿದ ಆ ಮೂರೇ ನಿಮಿಷಗಳಲ್ಲಿ! ಅವಳ ಮುಖ ಚೆನ್ನಾಗಿ ಕಾಣಲೆಂದು ಬೆಳಿಗ್ಗೆಯೇ ತಮ್ಮ ತುದಿಯನ್ನು ತರಕಾರಿ ಚಾಕುವಿನಿಂದ ಸುಲಿದು ಹೊಸ ಕನೆಕ್ಟರ್ ತೊಡಿಸಿದವನು ನಾನು. ಅಮ್ಮ, ಭಾವ, ನೆರೆಮನೆಯವರು ಎಲ್ಲರೂ ಕಪ್ಪು ಪರದೆಯನ್ನೇ ಕಣ್ತುಂಬ ನೋಡಿ ಎದ್ದುಹೋದರು.

ಸಂಜೆ ಬಂದ ಅಕ್ಕ, "ಹೇಗೆ ಓದ್ದೆ, ಹೇಳೋ" ಎಂದು ಆಸೆಯಿಂದ ಕೇಳಿದಾಗ ನಿಜ ಹೇಳಲು ಬಾಯಿ ಬರಲಿಲ್ಲ. ಸ್ಟುಡಿಯೋ ದೂರ, ಅವಳಿಗೇನು ಗೊತ್ತಾದೀತೆಂದುಕೊಂಡು, ಕೆಯು ಬ್ಯಾಂಡ್ ಮಳೆಗೆ ಬೇಗ ಸೋಲುತ್ತದೆ, ಸಿ ಬ್ಯಾಂಡ್ ಆಗಿದ್ದರೆ ತಡೆದುಕೊಳ್ಳುತ್ತಿತ್ತು ಎಂದು ಪಾಠ ಹೇಳಿ, ಜೋರು ಮಳೆಗೆ ಸಿಗ್ನಲ್ ಹೋಯಿತೆಂದುಬಿಟ್ಟೆ. ಆ ದಿನ ನಮ್ಮೂರಲ್ಲಿ ಒಂದು ಹನಿಯೂ ಬೀಳದು ಎಂದು ಅವಳೇ ಓದಿದ್ದಳಂತೆ. ಅದು ನನಗೆ ಕೇಳಿಸಿದ್ದರೆ ತಾನೆ?

"ಮೊದಲ್ನೇ ವರದಿನೇ ಸುಳ್ಳಾಯ್ತಲ್ಲೋ" ಎಂದು ಅಕ್ಕ ಊಟ ಬಿಟ್ಟು ಕೂತಿದ್ದಾಳೆ. ನಾಳೆ ಇಡೀ ನಾಡಿನ ಕ್ಷಮೆ ಕೇಳುತ್ತಾಳಂತೆ, ಬರೆದೂ ಇಟ್ಟಿದ್ದಾಳೆ. ನೋಡಿ ನನಗೆ ಸಂಕಟವಾಗುತ್ತಿದೆ. ನಿಜ ಹೇಳೋಣವೆಂದು ಎರಡು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ ಹಾಗೇ ವಾಪಸಾದೆ. ಆದ್ದರಿಂದ ತಾವು ದಯಮಾಡಿ ನಿನ್ನೆಯ ದಿನಾಂಕಕ್ಕೆ ಒಂದು ಮಳೆ ತರಿಸಿಕೊಡಬೇಕು. ಆಗದಿದ್ದರೆ ಮನೆಮನೆಯಲ್ಲಿರುವ ತಮ್ಮ ಬಂಧುಬಳಗಕ್ಕೆಲ್ಲ ಹೇಳಿ ನಾಳೆ ಮೂರು ನಿಮಿಷ ಕೆಟ್ಟಿರುವಂತೆ ಏರ್ಪಾಡು ಮಾಡಬೇಕು.

ನಿನ್ನೆಯವರೆಗೆ ತಮ್ಮ ವಿಶ್ವಾಸಿ,
ಅಕ್ಕನಿಗೆ ಹೆದರುವವನು

ತಾ.ಕ.: ಈಗಷ್ಟೇ ಬಂದ ಮೆಕ್ಯಾನಿಕ್, ಜಾಲರಿಯ ಒಂದೆಳೆ ಒಳಗಿನ ತಾಮ್ರಕ್ಕೆ ತಾಗಿತ್ತೆಂದು ಹೇಳಿ, ಇದನ್ನು ಸುಲಿದ ಮಹಾನುಭಾವ ಯಾರೆಂದು ಅಮ್ಮನ ಎದುರೇ ಕೇಳಿ, ಎರಡು ನಿಮಿಷದಲ್ಲಿ ಸರಿಮಾಡಿ ಹೋದ. ಅಕ್ಕ ಕ್ಷಮೆ ಕೇಳುವುದನ್ನು ನೋಡಲು ನೆರೆಮನೆಯವರೂ ಬರುತ್ತಾರಂತೆ. ಚಿತ್ರ ಕನ್ನಡಿಯಂತೆ ಬರುತ್ತಿದೆ. ಬೇಕಾದಾಗ ಕೆಡದ ತಮ್ಮಂಥವರನ್ನು ಮನೆಯಲ್ಲಿಟ್ಟುಕೊಂಡು ಏನು ಪ್ರಯೋಜನ?